ಇಲ್ಲದ ದ್ವೀಪಕ್ಕೊಂದು ಸಂವಿಧಾನ

ಇಂಟರ್ನೆಟ್ಟಲ್ಲಿ ಕಾಲ್ಪನಿಕ ದೇಶ ಕಟ್ಟೋಕೆ ಕೂತವರಲ್ಲಿ ಮುಕ್ಕಾಲುಪಾಲು ಜನ ಮೊದ್ಲು ಬರೆಯೋದು ದ್ವೀಪಾನೇ. ಕಾರಣ ಏನೂ ದೊಡ್ಡದಿಲ್ಲ, ದ್ವೀಪಕ್ಕೆ ಗಡಿ ತಕರಾರಿಲ್ಲ. ನದಿ ಮೇಲಿನ ರಾಜ್ಯದಿಂದ ಬರ್ತಿದ್ಯಾ, ಅಣೆಕಟ್ಟು ಕಟ್ಟಿದ್ರೆ ಕೆಳಗಿನವರು ಟ್ರಿಬ್ಯೂನಲ್ಲಿಗೆ ಹೋಗ್ತಾರಾ, ಪಕ್ಕದ ದೇಶದ ಭಾಷೆ ಯಾವ್ದು, ಅವರ ಜೊತೆ ಹಿಂದೆ ಎಷ್ಟು ಯುದ್ಧ ಆಗಿದೆ, ಇದ್ಯಾವುದಕ್ಕೂ ಉತ್ತರ ಕೊಡ್ಬೇಕಾಗಿಲ್ಲ. ಒಂದು ಗೆರೆ ಸುತ್ತಿ ಒಳಗೆ ಹಸಿರು ಹೊರಗೆ ನೀಲಿ ಬಳಿದ್ರೆ ದೇಶ ರೆಡಿ. ಬಾವುಟಕ್ಕೆ ಅರ್ಧ ಗಂಟೆ, ರಾಷ್ಟ್ರಗೀತೆಗೆ ಒಂದು ವಾರ (ಅದನ್ನ ಯಾರೂ ಹಾಡಲ್ಲ, ಆ ಮಾತು ಬೇರೆ), ಲಾಂಛನದಲ್ಲಿ ಗ್ಯಾರಂಟಿ ಒಂದು ಹದ್ದೋ ಸಿಂಹಾನೋ.

ನಾನೂ ಇಂಥದ್ದೊಂದರಲ್ಲಿ ಕೆಲವು ವರ್ಷದಿಂದ ಇದೀನಿ. ಒಂದು ಡಿಸ್ಕಾರ್ಡ್ ಸರ್ವರ್ (ಗುಂಪಾಗಿ ಚಾಟ್ ಮಾಡೋ ಜಾಗ), ಒಂದು ಗೂಗಲ್ ಶೀಟು, ಒಂದು ಮ್ಯಾಪು. ಇಪ್ಪತ್ತಕ್ಕೂ ಕಮ್ಮಿ ಜನ, ಬ್ರೆಜಿಲ್ಲಿಂದ ಹಿಡ್ದು ಫಿನ್ಲೆಂಡ್ ತನಕ ಚದುರಿ ಹೋಗಿದಾರೆ, ಕನ್ನಡದವರು ಮೂರು ಜನ. ನಮ್ಮ ದ್ವೀಪದ ಹೆಸರು ಇಲ್ಲಿ ಹಾಕಲ್ಲ, ಹಾಕಿದ್ರೆ ಹುಡುಕ್ಕೊಂಡು ಬಂದು ಪೌರತ್ವ ಕೇಳ್ತೀರಾ, ಆಮೇಲೆ ಎರಡು ದಿನಕ್ಕೆ ಬೇಜಾರಾಗಿ ಹೋಗ್ತೀರಾ, ಜನಗಣತಿ ಮಾಡೋನು ನಾನು. ಅಮ್ಮನಿಗೆ ಇದರ ಬಗ್ಗೆ ಒಂದು ಸಲ ವಿವರವಾಗಿ ಹೇಳಿದ್ದೆ, ಪೂರ್ತಿ ಕೇಳಿಸ್ಕೊಂಡು ‘ಕರೆಂಟ್ ಬಿಲ್ ಕಟ್ಟು ಮೊದ್ಲು, ದೇಶ ಆಮೇಲೆ ಆಳುವಂತೆ’ ಅಂದ್ರು.

ಮ್ಯಾಪಿಂದ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲರೂ ಅದೇ ಮೋಜಿನ ಭಾಗ ಅಂದ್ಕೋತಾರೆ, ಆದ್ರೆ ಮೊದಲ ಜಗಳ ಶುರುವಾಗೋದೂ ಅಲ್ಲೇ. ನಮ್ಮ ದ್ವೀಪ ಇರೋದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸು ರಿಯೂನಿಯನ್ನು ಇರೋ ಕಡೆ. ಸೈಜು ಹೆಚ್ಚುಕಮ್ಮಿ ನಮ್ಮ ಕೊಡಗು ಜಿಲ್ಲೆಯಷ್ಟು, ನಡುವೆ ಬೆಟ್ಟ. ಒಬ್ಬ ಪುಣ್ಯಾತ್ಮ ಪಶ್ಚಿಮ ತೀರದಲ್ಲಿ ದಟ್ಟ ಕಾಡು, ಪೂರ್ವಕ್ಕೆ ಒಣ ಬಯಲು ಅಂತ ಬಣ್ಣ ತುಂಬಿಸಿದ್ದ. ಆಗುಂಬೇಲಿ ಸುರಿಯೋ ಮಳೆ ಚಳ್ಳಕೆರೆಗೆ ಯಾಕೆ ಬರಲ್ಲ ಅಂತ ಹೈಸ್ಕೂಲಲ್ಲಿ ಓದಿದ ನಮಗೆ ಅದು ಸರಿ ಅನ್ನಿಸ್ತು, ಆದ್ರೆ ಅಲ್ಲಿ ಗಾಳಿ ಬೀಸೋದೇ ಆಗ್ನೇಯ ದಿಕ್ಕಿಂದ. ರಿಯೂನಿಯನ್ ನೋಡಿ, ಪೂರ್ವದ ಕಡೆ ಮುಗಿಲು ಹರ್ಕೊಂಡು ಬೀಳುತ್ತೆ, ಪಶ್ಚಿಮದ ಬೀಚುಗಳಲ್ಲಿ ಬಿಸಿಲು. 1966ರ ಜನವರಿಯಲ್ಲಿ ಅದೇ ರಿಯೂನಿಯನ್ನಿನ ಬೆಟ್ಟದ ಮೇಲೆ ಚಂಡಮಾರುತ ಬಂದಾಗ 24 ಗಂಟೇಲಿ 1,825 ಮಿಲಿಮೀಟರ್ ಮಳೆ ಬಿತ್ತು, ಒಂದು ದಿನದ ಮಳೇಲಿ ಅದು ವಿಶ್ವದಾಖಲೆ. ಸೋ ನಮ್ಮ ಮ್ಯಾಪಲ್ಲಿ ಕಾಡನ್ನ ಕಿತ್ತು ಆ ಕಡೆಯಿಂದ ಈ ಕಡೆಗೆ ನೆಡ್ಬೇಕಾಯ್ತು. ಅಷ್ಟೊತ್ತಿಗೆ ಒಣಗಿದ ಬಯಲಲ್ಲಿ ಒಬ್ಬ ರಾಜಧಾನಿ ಕಟ್ಟಿಬಿಟ್ಟಿದ್ದ, ಅದು ಒಂದೇ ರಾತ್ರೀಲಿ ಕೆಸರುಗದ್ದೆ ಆಯ್ತು, ಅವನು ಇವತ್ತಿಗೂ ಅದನ್ನ ಪ್ರಕೃತಿ ವಿಕೋಪ ಅಂತ ಕರೆದು ಪರಿಹಾರ ಕೇಳ್ತಾನೆ.

ಜನಸಂಖ್ಯೆ ಇನ್ನೊಂದು ಕಥೆ. ಎಲ್ಲರಿಗೂ ದೊಡ್ಡ ದೇಶ ಬೇಕು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್, 2011ರ ಜನಗಣತೀಲಿ ಐದೂವರೆ ಲಕ್ಷ ಜನ. ಮಾರಿಷಸ್ ಅದರ ಅರ್ಧ, ಸುಮಾರು 2,040 ಚದರ ಕಿಲೋಮೀಟರ್, ಅಲ್ಲಿರೋದು 12 ಲಕ್ಷಕ್ಕೂ ಹೆಚ್ಚು. ಈ ಎರಡು ಲೆಕ್ಕ ಮುಂದಿಟ್ಟು, ಎಂಟು ಕೋಟಿ ಬೇಕು ಅಂತ ಹಟ ಮಾಡ್ತಿದ್ದವನನ್ನ ಒಂಬತ್ತು ಲಕ್ಷಕ್ಕೆ ಇಳಿಸಿದ್ದು ನನ್ನ ಸಾರ್ವಜನಿಕ ಜೀವನದ ದೊಡ್ಡ ಸಾಧನೆ.

ಮ್ಯಾಪ್ ಮುಗೀತು, ಈಗ ಆಡಳಿತ. ಇಲ್ಲಿ ಒಂದು ವಿಚಿತ್ರ ಎದ್ದು ಕಾಣುತ್ತೆ, ಇಂಥ ದೇಶಗಳಲ್ಲಿ ಮಂತ್ರಿಗಳಿಗೆ ಬರ ಇಲ್ಲ, ಪ್ರಜೆಗಳೇ ಸಿಗಲ್ಲ. ಎಲ್ಲರೂ ವಿದೇಶಾಂಗ ಸಚಿವರಾಗೋಕೆ ಬಂದಿರ್ತಾರೆ, ಕಸ ವಿಲೇವಾರಿ ಖಾತೆ ಕೊಟ್ರೆ ಮುಖ ಊದಿಸ್ಕೋತಾರೆ. ನಮ್ಮ ಮೊದಲ ಸಂವಿಧಾನದಲ್ಲಿ ಎರಡು ಸದನ ಇತ್ತು, ಮೇಲ್ಮನೆ ಕೆಳಮನೆ ಎರಡಕ್ಕೂ ಸೇರಿ ಅದೇ ಜನ ಬೇಕಾದ್ರಿಂದ ಒಂದು ಮಸೂದೇನ ಕೆಳಮನೇಲಿ ಪಾಸ್ ಮಾಡಿದವನೇ ಮೇಲ್ಮನೇಲಿ ಕೂತು ‘ಇದನ್ನ ಸರಿಯಾಗಿ ಪರಿಶೀಲಿಸಿಲ್ಲ’ ಅಂತ ವಾಪಸ್ ಕಳಿಸಿದ ಉದಾಹರಣೆ ಇದೆ.

ನಗಬೇಡಿ, ನಮಗಿಂತ ಹಳೇ ಉದಾಹರಣೆ ಇದೆ. ಅಮೆರಿಕದ ಮಿಲ್ವಾಕಿಯಲ್ಲಿ ರಾಬರ್ಟ್ ಬೆನ್ ಮ್ಯಾಡಿಸನ್ ಅನ್ನೋ 14 ವರ್ಷದ ಹುಡುಗ 1979ರ ಡಿಸೆಂಬರ್ 26ಕ್ಕೆ ತನ್ನ ಬೆಡ್‌ರೂಮನ್ನ ಟಲೋಸಾ ಅನ್ನೋ ಸ್ವತಂತ್ರ ರಾಜ್ಯ ಅಂತ ಘೋಷಿಸಿದ, ತಾನೇ ರಾಜ. ಅದಕ್ಕೊಂದು ಭಾಷೆ ಕಟ್ಟಿದ, ಆಮೇಲೆ ಮಿಲ್ವಾಕಿಯ ಒಂದಷ್ಟು ಭಾಗದ ಮೇಲೆ ಹಕ್ಕು ಹೇಳಿದ, ಜೊತೆಗೆ ಅಂಟಾರ್ಟಿಕಾದ ಒಂದು ತುಂಡು, ಇನ್ನೊಂದು ಫ್ರಾನ್ಸಿನ ಸೇಂಟ್ ಮಾಲೋ ಊರಿನ ಎದುರಿಗೆ ಇರೋ ಸೆಝಾಂಬ್ರ್ ಅನ್ನೋ ಪುಟ್ಟ ದ್ವೀಪ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಆ ದ್ವೀಪದ ಮೇಲೆ ಎಷ್ಟು ಬಾಂಬ್ ಬಿತ್ತು ಅಂದ್ರೆ ಸಿಡಿಯದೆ ಉಳಿದ ಮದ್ದುಗುಂಡಿನ ಭಯಕ್ಕೆ ದಶಕಗಟ್ಟಲೆ ಬೀಚಿನ ಹೊರಗೆ ಕಾಲಿಡೋಕೆ ಬಿಡ್ತಿರ್ಲಿಲ್ಲ, ನಡೆಯೋ ದಾರಿ ಒಂದನ್ನ ತೆರೆದಿದ್ದು 2018ರಲ್ಲಿ. ಫ್ರಾನ್ಸಿಗೇ ಬೇಡವಾಗಿದ್ದ ಜಾಗಕ್ಕೆ ಅಟ್ಲಾಂಟಿಕ್ ಆಚೆ ಕೂತ ಹುಡುಗ ಪ್ರಾಂತ್ಯ ಅಂತ ಹೆಸರಿಟ್ಟ. 1990ರ ದಶಕದ ಮಧ್ಯದಲ್ಲಿ ಟಲೋಸಾ ಇಂಟರ್ನೆಟ್ಟಿಗೆ ಬಂತು, ಪೇಪರಲ್ಲೆಲ್ಲ ಸುದ್ದಿ ಆಯ್ತು, ಮಿಲ್ವಾಕಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ಪ್ರಜೆಗಳಾದ್ರು. ಅವರ ಕೆಳಮನೆ ಹೆಸರು ಕೋಸಾ, 200 ಸೀಟು. ಅಷ್ಟು ಜನ ಎಲ್ಲಿಂದ ತರೋದು, ಅದಕ್ಕೆ ಪಕ್ಷಕ್ಕೆ ಬಂದ ವೋಟಿನ ಪ್ರಮಾಣದಲ್ಲಿ ಸೀಟು ಹಂಚಿ, ಒಬ್ಬನೇ ಮೆಂಬರ್ ಹತ್ತಾರು ಸೀಟು ಹಿಡ್ಕೊಂಡು ಕೂರೋ ವ್ಯವಸ್ಥೆ ಮಾಡ್ಕೊಂಡಿದಾರೆ. ನನಗೆ ಇದು ತುಂಬ ಬುದ್ಧಿವಂತಿಕೆ ಅನ್ಸುತ್ತೆ, ಸದನ ಭರ್ತಿ ಕಾಣುತ್ತೆ, ಕುರ್ಚಿ ಖರ್ಚಿಲ್ಲ.

ಇಂಥ ದೇಶ ಒಡೆಯೋದು ಎಲ್ಲಿ ಅಂದ್ರೆ ಯಾವಾಗ್ಲೂ ಸ್ಥಾಪಕನ ಹತ್ರಾನೇ. ಟಲೋಸಾದಲ್ಲಿ 2004ರಲ್ಲಿ ಒಂದು ಗುಂಪು ರಾಜನ ಜೊತೆ ಜಗಳ ಆಡ್ಕೊಂಡು ಹೊರಗೆ ಹೋಗಿ ಪ್ರತ್ಯೇಕ ಗಣರಾಜ್ಯ ಮಾಡ್ಕೊಳ್ತು, ಮುಂದಿನ ವರ್ಷ ರಾಜನೂ ಸಿಂಹಾಸನ ಬಿಟ್ಟ, ಹೊಸ ರಾಜ ಬಂದ, ಎರಡೂ ಕಡೆಯವರು ಮತ್ತೆ ಒಂದಾಗಿದ್ದು 2012ರಲ್ಲಿ. ಬೆಡ್‌ರೂಮಲ್ಲಿ ಹುಟ್ಟಿದ ದೇಶಕ್ಕೆ ವಿಭಜನೆ, ಪಟ್ಟತ್ಯಾಗ, ಏಕೀಕರಣ ಎಲ್ಲ ಆಗಿಹೋಯ್ತು.

ಅದಕ್ಕೂ ಹಿಂದೆ ಹೋಗ್ಬೇಕು ಅಂದ್ರೆ ಇಂಗ್ಲೆಂಡಿನ ಬ್ರಾಂಟೆ ಮಕ್ಕಳು, ಮುಂದೆ ಸಾಹಿತಿಗಳಾದವರು. 1826ರಲ್ಲಿ ಅಪ್ಪ ತಂದುಕೊಟ್ಟ ಮರದ ಸಿಪಾಯಿ ಗೊಂಬೆಗಳಿಂದ ನಾಲ್ಕು ಮಕ್ಕಳೂ ಸೇರಿ ಒಂದು ಕಾಲ್ಪನಿಕ ದೇಶ ಕಟ್ಟಿದ್ರು, ಆದ್ರೆ ಕತೆ ನಡೆಸ್ತಿದ್ದಿದ್ದು ದೊಡ್ಡವರಾದ ಷಾರ್ಲಟ್ಟು ಬ್ರಾನ್ವೆಲ್ಲು. ಚಿಕ್ಕವರಾದ ಎಮಿಲಿ, ಆನ್ ಕೆಲವು ವರ್ಷ ಸಹಿಸ್ಕೊಂಡು ಆಮೇಲೆ ಬೇರೆ ಆಗಿ ಗೊಂಡಾಲ್ ಅಂತ ತಮ್ಮದೇ ದ್ವೀಪ ಮಾಡ್ಕೊಂಡ್ರು, ಉತ್ತರ ಪೆಸಿಫಿಕ್ಕಲ್ಲಿ. ಅಡ್ಮಿನ್ ಕಾಟ ತಡೀಲಾರದೆ ಹೊಸ ಸರ್ವರ್ ಮಾಡೋದು ಅಂತ ಈಗ ಕರೀತೀವಲ್ಲ, ಅದೇ. 1845ರಲ್ಲಿ ಅಕ್ಕ ತಂಗಿ ಇಬ್ಬರೂ ಯಾರ್ಕಿಗೆ ಹೋದಾಗ ದಾರಿಯುದ್ದಕ್ಕೂ ಗೊಂಡಾಲಿನ ಪಾತ್ರಗಳಾಗಿ ಆಟ ಆಡ್ಕೊಂಡೇ ಹೋದ್ವಿ ಅಂತ ಎಮಿಲಿ ಬರೆದಿಟ್ಟಿದಾಳೆ, ಆಗ ಅವಳಿಗೆ 26. ನನ್ನ ವಯಸ್ಸಿನ ಬಗ್ಗೆ ಕಮೆಂಟ್ ಮಾಡೋ ಸಂಬಂಧಿಕರಿಗೆ ಇದನ್ನ ಫಾರ್ವರ್ಡ್ ಮಾಡ್ಬಹುದು.

ಇವತ್ತಿನ ಕಾಲಕ್ಕೆ ಬಂದ್ರೆ, ಈ ಆಟದ ಬಹಳ ಜನಕ್ಕೆ ಅಕ್ಷರಾಭ್ಯಾಸ ಆಗೋದು ಆನ್‌ಲೈನ್ ಆಟವಾದ ನೇಷನ್‌ಸ್ಟೇಟ್ಸ್‌ನಲ್ಲಿ. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತನ್ನ ಕಾದಂಬರಿ ಪ್ರಚಾರಕ್ಕೆ ಅಂತ 2002ರ ನವೆಂಬರಲ್ಲಿ ಶುರು ಮಾಡಿದ್ದು, ಇವತ್ತಿಗೂ ನಡೀತಿದೆ. ದೇಶಕ್ಕೊಂದು ಹೆಸರು, ರಾಷ್ಟ್ರಪ್ರಾಣಿ, ನಾಣ್ಯ, ಧ್ಯೇಯವಾಕ್ಯ ಕೊಟ್ಟು ಶುರು ಮಾಡ್ತೀರಾ. ದಿನಾ ಒಂದಷ್ಟು ಸಮಸ್ಯೆ ಬರುತ್ತೆ, ಪ್ರತಿಯೊಂದಕ್ಕೂ ಎರಡು ಮೂರು ಪರಿಹಾರ, ಎಲ್ಲವೂ ಅತಿರೇಕದ್ದೇ. ಮಧ್ಯಮಮಾರ್ಗ ಹುಡುಕಿದ್ರೆ ಸಿಗಲ್ಲ, ಒಂದು ಸಲ ಆಸ್ಪತ್ರೆಗೆ ದುಡ್ಡು ಕೊಟ್ರೆ ಮಾರನೇ ದಿನ ತೆರಿಗೆ ಮೇಲಕ್ಕೆ ಹೋಗಿರುತ್ತೆ. ಇನ್ನು ಜನಸಂಖ್ಯೆ, ಅದು ನೀವು ಏನೇ ಮಾಡಿದ್ರೂ ತನ್ನಷ್ಟಕ್ಕೆ ಬೆಳೀತಾ ನೂರಾರು ಕೋಟಿಗೆ ಹೋಗುತ್ತೆ, ನಾಲ್ಕು ತೆಂಗಿನಮರದ ದ್ವೀಪ ಅಂತ ಬರ್ಕೊಂಡಿದ್ರೂ ಅಷ್ಟೇ. ಆಟದೊಳಗೆ ವಿಶ್ವಸಂಸ್ಥೆ ಅಂತಾನೂ ಒಂದು ಇತ್ತು. 2008ರಲ್ಲಿ ನಿಜವಾದ ವಿಶ್ವಸಂಸ್ಥೆಯವರು ನಮ್ಮ ಹೆಸರು, ಲಾಂಛನ ಬಳಸಬೇಡಿ ಅಂತ ನೋಟಿಸ್ ಕಳಿಸಿ, ಅದು ‘ವರ್ಲ್ಡ್ ಅಸೆಂಬ್ಲಿ’ ಆಯ್ತು. ಇಲ್ಲದ ದೇಶಗಳ ಸಭೆಗೆ ಇರೋ ದೇಶಗಳ ಸಭೆ ನೋಟಿಸ್ ಕೊಡೋದು, ಇದಕ್ಕಿಂತ ದೊಡ್ಡ ಮಾನ್ಯತೆ ಏನು ಬೇಕು ಹೇಳಿ.

ಆದ್ರೆ ಅದರಲ್ಲಿ ನಿಜವಾದ ರಾಜಕೀಯ ಇರೋದು ಸಮಸ್ಯೆಗಳಲ್ಲಿ ಅಲ್ವೇ ಅಲ್ಲ, ರೀಜನ್‌ಗಳಲ್ಲಿ. ದೇಶಗಳೆಲ್ಲ ಸೇರಿ ಒಂದು ಪ್ರದೇಶ, ಅದನ್ನ ಹುಟ್ಟುಹಾಕಿದವನು ಫೌಂಡರ್, 2023ರ ತನಕ ಅವನ ಕೈಯಲ್ಲಿ ಸರ್ವಾಧಿಕಾರ ಇತ್ತು. ಅವನ ಕೆಳಗೆ ಡೆಲಿಗೇಟ್, ಅಂದ್ರೆ ವರ್ಲ್ಡ್ ಅಸೆಂಬ್ಲಿ ಸದಸ್ಯರಲ್ಲಿ ಯಾರಿಗೆ ಪ್ರದೇಶದೊಳಗಿನ ಬೆಂಬಲ ಜಾಸ್ತಿ ಇದೆಯೋ ಅವನು. ಬೆಂಬಲದ ಲೆಕ್ಕ ಆಗೋದು ದಿನಕ್ಕೆ ಎರಡೇ ಸಲ, ಅಪ್‌ಡೇಟ್ ಅಂತಾರೆ. ಆಗ ಫೌಂಡರ್ 28 ದಿನ ಲಾಗಿನ್ ಆಗ್ಲಿಲ್ಲ ಅಂದ್ರೆ, ಪರೀಕ್ಷೆ ಇತ್ತೋ, ಮದುವೆ ಆಯ್ತೋ, ಅವನ ದೇಶ ನಿರ್ನಾಮ ಆಗ್ತಿತ್ತು. ಪ್ರದೇಶ ಅನಾಥ. ಇದನ್ನೇ ಕಾಯ್ತಾ ಕೂತಿರೋ ದಂಡುಗಳಿವೆ, ರೇಡರ್ಸ್ ಅಂತ. ಅಪ್‌ಡೇಟಿಗೆ ಕೆಲವೇ ಸೆಕೆಂಡ್ ಇರುವಾಗ ಹತ್ತಿಪ್ಪತ್ತು ದೇಶ ಒಟ್ಟಿಗೆ ನುಗ್ಗಿ ತಮ್ಮಲ್ಲೊಬ್ಬನಿಗೆ ಬೆಂಬಲ ಕೊಡ್ತಾರೆ, ಲೆಕ್ಕ ಆಗುತ್ತೆ, ಅವನೇ ಡೆಲಿಗೇಟ್. ಬೆಳಿಗ್ಗೆ ಎದ್ದು ನೋಡಿದ್ರೆ ನಿಮ್ಮ ಬಾವುಟ ಇಲ್ಲ, ಮುಖಪುಟದಲ್ಲಿ ಅವರ ಗೇಲಿ, ಹಳಬರೆಲ್ಲ ಗಡೀಪಾರು. ಇದನ್ನ ತಡೆಯೋಕೆ ಡಿಫೆಂಡರ್ಸ್ ಅನ್ನೋ ಇನ್ನೊಂದು ದಂಡು, ಅವರೂ ಅದೇ ಸೆಕೆಂಡುಗಳಿಗೆ ಅಲಾರಂ ಇಟ್ಕೊಂಡು ಏಳ್ತಾರೆ. ಯಾವ ಸಂಬಳ ಇಲ್ಲದೆ.

ಸಂಸ್ಥಾಪಕನೇ ಇಲ್ಲದ ಪ್ರದೇಶಗಳೂ ಇದ್ವು. ಆಗೆಲ್ಲ ಹೊಸ ದೇಶ ಹುಟ್ಟಿ ಬೀಳ್ತಿದ್ದಿದ್ದೇ ಪೆಸಿಫಿಕ್ ಹೆಸರಿನ ಇಂಥ ಪ್ರದೇಶಗಳಲ್ಲಿ, ಅಂದ್ರೆ ದಿನಾ ಹೊಸ ಪ್ರಜೆಗಳ ಸಪ್ಲೈ. 2003ರಲ್ಲಿ ಫ್ರಾಂಕೋಸ್ ಸ್ಪೇನ್ ಅನ್ನೋ ಹೆಸರಿನ ದೇಶ ಅದರಲ್ಲೊಂದನ್ನ ಹಿಡಿದು ನ್ಯೂ ಪೆಸಿಫಿಕ್ ಆರ್ಡರ್ ಅಂತ ಆಡಳಿತ ಶುರು ಮಾಡ್ತು, ವಿರೋಧಿಗಳನ್ನ ಹೊರಗೆ ಹಾಕ್ತು, ಅದು ಹೋಗುತ್ತೆ ಹೋಗುತ್ತೆ ಅಂದವರೇ ಹೋದ್ರು, ಆರ್ಡರ್ ವರ್ಷಗಟ್ಟಲೆ ಉಳೀತು. ಫೌಂಡರ್ ಹೋದ ಮೇಲೆ ಅಧಿಕಾರ ಯಾರಿಗೆ ಅನ್ನೋದಕ್ಕೆ ಉತ್ತರಾಧಿಕಾರಿ ನೇಮಿಸೋ ವ್ಯವಸ್ಥೇನ ಆಟದವರು ತಂದಿದ್ದು 2023ರಲ್ಲಿ, ಅಂದ್ರೆ ಶುರುವಾಗಿ ಇಪ್ಪತ್ತು ವರ್ಷದ ಮೇಲೆ. ಮೊಘಲರಿಗೂ ಆಗಿರ್ಲಿಲ್ಲ ಬಿಡಿ.

ನಾನು ಇದನ್ನೆಲ್ಲ ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದಿದೀನಿ. ಆನ್‌ಲೈನ್ ದೇಶದಲ್ಲಿ ಸಂವಿಧಾನ ಅನ್ನೋದು ಪಾಸ್‌ವರ್ಡ್ ಇರೋನು ಕೊಟ್ಟ ಮಾತು, ಅಷ್ಟೇ. ಅವನು ಮಾತಿಗೆ ನಿಂತ್ರೆ ಗಣರಾಜ್ಯ, ನಿಲ್ಲದಿದ್ರೆ ಕತೆ ಮುಗೀತು. ಅದಕ್ಕೇ ಒಳ್ಳೇ ಸ್ಥಾಪಕನಿಗಿಂತ ಸೋಮಾರಿ ಸ್ಥಾಪಕ ವಾಸಿ ಅಂತ ನನ್ನ ಅಭಿಪ್ರಾಯ, ಒಳ್ಳೆಯವನಿಗೆ ದಿನಾ ಏನಾದ್ರೂ ಸರಿ ಮಾಡ್ಬೇಕು ಅನ್ನಿಸ್ತಿರುತ್ತೆ.

ಡಿಸ್ಕಾರ್ಡಲ್ಲಿ ಇದು ಕಣ್ಣಿಗೇ ಕಾಣುತ್ತೆ, ಸರ್ವರ್ ಓನರ್ ಹೆಸರಿನ ಪಕ್ಕ ಒಂದು ಪುಟ್ಟ ಕಿರೀಟ. ನಮ್ಮಲ್ಲಿ ಅಧ್ಯಕ್ಷರು, ಸ್ಪೀಕರ್, ನ್ಯಾಯಾಧೀಶರು ಎಲ್ಲ ಇದಾರೆ, ಅದೆಲ್ಲ ಬಣ್ಣಬಣ್ಣದ ರೋಲುಗಳು, ಕೊಡೋದು ಕಿತ್ಕೊಳ್ಳೋದು ಕಿರೀಟದವನ ಒಂದು ಕ್ಲಿಕ್. ಒಂದ್ಸಲ ನಮ್ಮ ಸ್ಥಾಪಕನಿಗೆ ಎರಡು ಪಕ್ಷದವರ ನಡುವೆ ನಡೀತಿದ್ದ ಅಂತರ್ಯುದ್ಧದ ರೋಲ್‌ಪ್ಲೇ ಅತಿ ಆಯ್ತು ಅನ್ನಿಸಿ ಅದು ನಡೀತಿದ್ದ ಚಾನೆಲ್ಲನ್ನೇ, ಅಂದ್ರೆ ಆ ಚಾಟ್ ಕೋಣೇನೇ, ಡಿಲೀಟ್ ಮಾಡ್ದ. ಅದರಲ್ಲಿ ತಿಂಗಳುಗಟ್ಟಲೆ ಬರೆದ ಕತೆ ಇತ್ತು. ಮೂರು ಜನ ಸೇರಿ ಸುಪ್ರೀಂ ಕೋರ್ಟಲ್ಲಿ ರಿಟ್ ಹಾಕಿದ್ರು. ಕೋರ್ಟ್ ಅಂದ್ರೆ ಮೂರು ನ್ಯಾಯಾಧೀಶರು, ಅದರಲ್ಲೊಬ್ಬಳು ಧಾರವಾಡದಲ್ಲಿ ಲಾ ಓದ್ತಿರೋ ನಮ್ಮ ಹುಡುಗಿ, ಮುಖ್ಯ ತೀರ್ಪು ಬರೆದಿದ್ದೂ ಅವಳೇ. ಸಹಜ ನ್ಯಾಯ, ಎರಡೂ ಕಡೆ ಕೇಳದೆ ಆದೇಶ ಮಾಡೋ ಹಾಗಿಲ್ಲ, ಸಾರ್ವಜನಿಕ ದಾಖಲೆಯನ್ನ ನಾಶ ಮಾಡೋ ಅಧಿಕಾರ ಸಂವಿಧಾನ ಯಾರಿಗೂ ಕೊಟ್ಟಿಲ್ಲ, ಹೀಗೆ ಪುಟಗಟ್ಟಲೆ. ಕೊನೇಲಿ ಆಜ್ಞೆ, ಚಾನೆಲ್ಲನ್ನ ಹಿಂದಿನ ಸ್ಥಿತಿಗೆ ತರತಕ್ಕದ್ದು. ಸ್ಥಾಪಕ ಬಂದು ತೀರ್ಪಿಗೆ ತಲೆಬಾಗ್ತೀನಿ ಅಂದ. ಎಲ್ಲರೂ ಚಪ್ಪಾಳೆ ಎಮೋಜಿ ಹಾಕಿದ್ರು. ಆಮೇಲೆ ಅವನು ನಿಧಾನಕ್ಕೆ ಹೇಳ್ದ, ಡಿಲೀಟ್ ಆದ ಚಾನೆಲ್ಲು ವಾಪಸ್ ಬರಲ್ಲ. ಆ ತೀರ್ಪು ಈಗಲೂ ಪಿನ್ ಆಗಿದೆ, ನಮ್ಮ ಕಾನೂನಿನ ಅತ್ಯುತ್ತಮ ದಾಖಲೆ, ಜಾರಿ ಆಗಿಲ್ಲ.

ಈ ಗೋಜಲನ್ನ ಮೊದಲು ಅನುಭವಿಸಿದ್ದು ಬಹುಶಃ ಲ್ಯಾಂಬ್ಡಾಮೂ ಜನ. ಅದು ದೇಶವಲ್ಲ, ಇಂಟರ್ನೆಟ್ಟಲ್ಲಿ ಜನ ಸೇರ್ತಿದ್ದ ಒಂದು ದೊಡ್ಡ ಬಂಗಲೆ, ಬರೀ ಅಕ್ಷರದಲ್ಲಿ ಕಟ್ಟಿದ್ದು. 1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ಶುರು ಮಾಡಿದ್ದು. ಕೀಲಿಕೈ ಇದ್ದ ಪ್ರೋಗ್ರಾಮರ್‌ಗಳಿಗೆ ಅಲ್ಲಿ ವಿಝಾರ್ಡ್ ಅಂತ ಹೆಸರು. ಜನಗಳ ಜಗಳ ಬಿಡಿಸಿ ಬಿಡಿಸಿ ಸಾಕಾಗಿ 1992ರ ಡಿಸೆಂಬರಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹಾಕ್ದ, ಇನ್ಮೇಲೆ ವಿಝಾರ್ಡ್‌ಗಳು ಬರೀ ಟೆಕ್ನಿಕಲ್ ಕೆಲಸ ಮಾಡ್ತಾರೆ, ನಿಮ್ಮ ಸಮಾಜ ನೀವೇ ನೋಡ್ಕೊಳ್ಳಿ. ಕೆಲವೇ ತಿಂಗಳಿಗೆ, 1993ರಲ್ಲಿ, ಒಬ್ಬ ಬಂದು ಬೇರೆಯವರ ಪಾತ್ರಗಳ ಮೇಲೆ ಎಲ್ಲರೆದುರು ಲೈಂಗಿಕ ದೌರ್ಜನ್ಯ ಬರೆದ. ಜನ ಸಭೆ ಸೇರಿದ್ರು, ಗಂಟೆಗಟ್ಟಲೆ ಮಾತಾಡಿದ್ರು, ತೀರ್ಮಾನ ಆಗ್ಲಿಲ್ಲ. ಕೊನೆಗೆ ಒಬ್ಬ ವಿಝಾರ್ಡ್ ಯಾರನ್ನೂ ಕೇಳದೆ ಅವನ ಖಾತೇನ ಅಳಿಸಿ ಹಾಕ್ದ. ಆಮೇಲೆ ಕರ್ಟಿಸ್ ಅರ್ಜಿ ಕೊಡೋದು, ಮತದಾನ ಮಾಡೋದು ಎಲ್ಲದಕ್ಕೂ ವ್ಯವಸ್ಥೆ ಕಟ್ಟಿಕೊಟ್ಟ. ಅದು ಎಷ್ಟು ದಿನ ನಡೀತು? 1996ರಲ್ಲಿ ವಿಝಾರ್ಡ್‌ಗಳು ಇನ್ನೊಂದು ಪ್ರಕಟಣೆ ಹಾಕಿದ್ರು, ಟೆಕ್ನಿಕಲ್ ಯಾವ್ದು ಸಾಮಾಜಿಕ ಯಾವ್ದು ಅಂತ ಬೇರೆ ಮಾಡೋಕೇ ಆಗಲ್ಲ, ಆದ್ದರಿಂದ ಮತ್ತೆ ನಾವೇ ತೀರ್ಮಾನ ತಗೋತೀವಿ ಅಂತ. ನನಗೆ ಅವರ ಮೇಲೆ ಸಿಟ್ಟಿಲ್ಲ. ಕೀಲಿ ಜೇಬಲ್ಲಿ ಇಟ್ಕೊಂಡು ನನ್ನ ಹತ್ರ ಇಲ್ಲ ಅಂತ ಮೂರ್ನಾಲ್ಕು ವರ್ಷ ನಟಿಸೋದು ಯಾರಿಗಾದ್ರೂ ಕಷ್ಟಾನೇ.

ಈ ಹವ್ಯಾಸದ ಬಗ್ಗೆ ನಮ್ಮ ಕಡೆ ಯಾರಿಗೆ ಹೇಳಿದ್ರೂ ಬರೋ ಪ್ರಶ್ನೆ ಒಂದೇ, ‘ಓ, ಕೈಲಾಸಾನಾ?’ ಬಿಡದಿ ಇಲ್ಲೇ ಪಕ್ಕದಲ್ಲಿ ಇರೋವಾಗ ಕೇಳದೆ ಏನು ಮಾಡ್ತಾರೆ. ನಿತ್ಯಾನಂದ ಇಲ್ಲಿ ಕೋರ್ಟ್ ಕೇಸ್ ಇರುವಾಗಲೇ ದೇಶ ಬಿಟ್ಟು, 2019ರ ಕೊನೇಲಿ ಈಕ್ವೆಡಾರ್ ಹತ್ರ ದ್ವೀಪದಲ್ಲಿ ಹೊಸ ದೇಶ ಅಂತ ಸುದ್ದಿ ಆಯ್ತು, ಈಕ್ವೆಡಾರ್ ನಾವು ಆಶ್ರಯಾನೂ ಕೊಟ್ಟಿಲ್ಲ ಜಾಗ ಕೊಳ್ಳೋಕೆ ಸಹಾಯಾನೂ ಮಾಡಿಲ್ಲ ಅಂತು. ವೆಬ್‌ಸೈಟು, ಬಾವುಟ, ಇಲಾಖೆಗಳು, 2020ರ ಗಣೇಶ ಹಬ್ಬಕ್ಕೆ ರಿಸರ್ವ್ ಬ್ಯಾಂಕು, ನಾಣ್ಯ. 2023ರ ಜನವರಿಯಲ್ಲಿ ಅಮೆರಿಕದ ನ್ಯೂಆರ್ಕ್ ನಗರ ಅದರ ಜೊತೆ ಸೋದರ ನಗರ ಒಪ್ಪಂದ ಮಾಡ್ಕೊಂಡು, ಅಂಥ ದೇಶ ಇಲ್ಲ ಅಂತ ಗೊತ್ತಾಗಿ ಕೆಲವೇ ದಿನದಲ್ಲಿ ರದ್ದು ಮಾಡ್ತು. ಮುಂದಿನ ತಿಂಗಳು ಜಿನೀವಾದ ವಿಶ್ವಸಂಸ್ಥೆ ಸಭೇಲಿ ಅವರ ಪ್ರತಿನಿಧಿಗಳು ಮಾತಾಡಿದ್ರು, ಅದನ್ನ ಪರಿಗಣಿಸಲ್ಲ ಅಂತ ವಿಶ್ವಸಂಸ್ಥೆ ಹೇಳ್ತು. ಅದೇ ವರ್ಷದ ನವೆಂಬರಲ್ಲಿ ಪರಾಗ್ವೆಯ ಕೃಷಿ ಇಲಾಖೆಯ ಹಿರಿಯ ಅಧಿಕಾರಿ ಒಬ್ಬರು ಒಪ್ಪಂದಕ್ಕೆ ಸಹಿ ಹಾಕಿ ಹುದ್ದೆ ಕಳ್ಕೊಂಡ್ರು. ಬಾವುಟ, ನಾಣ್ಯ, ಮಂತ್ರಿಮಂಡಲ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ ನಿಜ. ಆದ್ರೆ ನಮ್ಮಲ್ಲಿ ಸೇರೋ ದಿನಾನೇ ಒಪ್ಕೋಬೇಕಾದ ನಿಯಮ ಇದೆ, ಹೊರಗಿನ ಯಾರ ಜೊತೆ ವ್ಯವಹರಿಸಿದ್ರೂ ಇದು ಆಟ ಅಂತ ಮೊದಲ ಸಾಲಲ್ಲೇ ಹೇಳ್ಬೇಕು. ಇದನ್ನ ಮುರಿದವರಿಗೆ ವಿಚಾರಣೆ ಇಲ್ಲ, ನೇರ ಗಡೀಪಾರು. ಸಹಜ ನ್ಯಾಯದ ನಮ್ಮ ಧಾರವಾಡದ ಜಡ್ಜಮ್ಮ ಕೂಡ ಇದಕ್ಕೆ ತಕರಾರು ಮಾಡಿಲ್ಲ.

ಇಷ್ಟೆಲ್ಲ ರಾಜಕೀಯದ ಮಧ್ಯೆ ದ್ವೀಪದ ಆ ಒಂಬತ್ತು ಲಕ್ಷ ಜನ ಎಲ್ಲಿ? ಬಹಳ ಕಡೆ ಅವರು ಶೀಟಿನಲ್ಲಿರೋ ಒಂದು ಅಂಕಿ. ನಮ್ಮಲ್ಲಿ ಇದು ಬದಲಾಗಿದ್ದು ಮೂರನೇ ಕನ್ನಡಿಗನಿಂದ, ಮಲ್ಪೆ ಕಡೆಯವನು, ಮನೇಲಿ ಬೋಟ್ ಇದೆ. ಅವನು ಯಾವ ಖಾತೇನೂ ಕೇಳ್ಲಿಲ್ಲ, ಪಶ್ಚಿಮ ತೀರದ ಮೀನುಗಾರರ ಸಂಘದ ಅಧ್ಯಕ್ಷ ಆಗಿ ಬಂದ. ಹಣಕಾಸು ಮಂತ್ರಿ, ಫಿನ್ಲೆಂಡಿನವನು, ಬಜೆಟ್ಟಲ್ಲಿ ಬೋಟಿನ ಡೀಸೆಲ್ ಸಬ್ಸಿಡಿ ತೆಗೆದಿದ್ದ. ಇವನು ಬಂದು ಪ್ರಶ್ನೆ ಮೇಲೆ ಪ್ರಶ್ನೆ. ಒಂದು ಬೋಟು ಎಷ್ಟು ದಿನ ಕಡಲಲ್ಲಿ ಇರುತ್ತೆ? ಐಸ್ ಎಲ್ಲಿಂದ ಬರುತ್ತೆ? ಐಸ್ ಪ್ಲಾಂಟಿಗೆ ಕರೆಂಟು? ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಕಡಲು ಹುಚ್ಚಾಗಿರುತ್ತೆ, ಮೀನು ಮರಿ ಮಾಡೋ ಕಾಲ, ನಿಮ್ಮಲ್ಲಿ ರಜೆ ಯಾವಾಗ? ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಆ ಭಾಗದಲ್ಲಿ ಚಂಡಮಾರುತ ಬರೋದು ನವೆಂಬರಿಂದ ಏಪ್ರಿಲ್ಲಿನ ತನಕ, ಜೋರು ಜನವರಿ ಫೆಬ್ರವರಿ, ಹಾಗಾಗಿ ನಿಷೇಧ ಆ ಎರಡು ತಿಂಗಳಿಗೆ ಅಂತ ಕಾನೂನು ಬಂತು. ನಿಷೇಧದ ಕಾಲಕ್ಕೆ ಪರಿಹಾರ, ಪರಿಹಾರಕ್ಕೆ ನೋಂದಣಿ, ನೋಂದಣಿಗೆ ಬಂದರು ಕಚೇರಿ, ಕಚೇರಿಗೆ ಗುಮಾಸ್ತರು. ನೋಡ್ತಾ ನೋಡ್ತಾ ಪಶ್ಚಿಮ ತೀರದಲ್ಲಿ ನಾಲ್ಕು ಊರು ಎದ್ದು ನಿಂತ್ವು, ಬೇರೆ ಕಡೆಯ ರಾಜಧಾನಿ ವಿಮಾನ ನಿಲ್ದಾಣಗಳಿಗಿಂತ ಅವೇ ನಿಜವಾಗಿ ಕಾಣ್ತವೆ. ಫಿನ್ಲೆಂಡಿನವನು ಈಗ ಬೂತಾಯಿ ಬಂಗುಡೆ ವ್ಯತ್ಯಾಸ ಹೇಳ್ತಾನೆ.

ಸ್ಥಾಪಕ ಹೋದ ವರ್ಷ ಹೊರಟ. ಜಗಳ ಇಲ್ಲ ಏನಿಲ್ಲ, ಮಗು ಆಯ್ತು, ಟೈಮಿಲ್ಲ ಅಂದ. ಕಿರೀಟ ಯಾರಿಗೆ? ಅಧ್ಯಕ್ಷರಿಗೆ ಕೊಡಿ ಅಂದ್ರು ಕೆಲವರು, ಹಾಗಾದ್ರೆ ಅವರು ಚುನಾವಣೆ ಸೋತಾಗ ಕಿರೀಟ ಬಿಡ್ತಾರೆ ಅನ್ನೋದಕ್ಕೆ ಏನು ಗ್ಯಾರಂಟಿ ಅಂದ್ರು ಇನ್ನು ಕೆಲವರು. ಹಸ್ತಾಂತರ ಮಾಡೋಕೆ ಆಗೋದು ಈಗಿನ ಓನರಿಗೆ ಮಾತ್ರ, ಅವನು ಹೋಗೋಕೆ ಮುಂಚೆ ತೀರ್ಮಾನ ಆಗ್ಲೇಬೇಕು. ಆ ಎರಡು ವಾರ ನಡೆದ ಚರ್ಚೆ ನಮ್ಮ ಇಡೀ ಇತಿಹಾಸದಲ್ಲೇ ಚೆನ್ನಾಗಿತ್ತು, ಏಕೆಂದ್ರೆ ಮೊದಲ ಸಲ ನಾವು ಯಾವುದೋ ನಟನೆ ಮಾಡ್ತಿರ್ಲಿಲ್ಲ. ಕೊನೆಗೆ ಯಾರದ್ದೂ ಅಲ್ಲದ ಹೊಸ ಖಾತೆ ಒಂದನ್ನ ಮಾಡಿ ಕಿರೀಟ ಅದಕ್ಕೆ ಹಾಕಿದ್ವಿ. ಪಾಸ್‌ವರ್ಡ್ ಒಬ್ಬರ ಹತ್ರ, ಟೂ ಫ್ಯಾಕ್ಟರ್ ಕೋಡ್ ಬರೋ ಫೋನು ಇನ್ನೊಬ್ಬರ ಹತ್ರ, ಇಬ್ಬರೂ ಬೇರೆ ಬೇರೆ ಪಕ್ಷದವರಾಗಿರ್ಬೇಕು ಅಂತ ತಿದ್ದುಪಡಿ. ಇಬ್ಬರೂ ಒಟ್ಟಿಗೆ ಕೂತ್ರೆ ಮಾತ್ರ ಲಾಗಿನ್. ಇಬ್ಬರೂ ಕೈಜೋಡಿಸಿದ್ರೆ ಏನು ಮಾಡೋದು ಅಂತ ಕೇಳಿದವನಿಗೆ, ಅಷ್ಟೊಂದು ಒಗ್ಗಟ್ಟು ನಮ್ಮಲ್ಲಿ ಬಂದ್ರೆ ನೋಡೋಣ ಅಂತ ಸ್ಪೀಕರ್ ರೂಲಿಂಗ್ ಕೊಟ್ರು.

ಸದ್ಯಕ್ಕೆ ಸದನದಲ್ಲಿ ಇರೋದು ರೈಲ್ವೆ ಮಸೂದೆ. ಪೂರ್ವ ತೀರದಿಂದ ಬೆಟ್ಟ ಕೊರೆದು ಪಶ್ಚಿಮಕ್ಕೆ ಸುರಂಗ. ನಾನು ವಿರೋಧ ಪಕ್ಷ. ಅದೇ ಸೈಜಿನ ಕೊಡಗಲ್ಲಿ ರೈಲಿಲ್ಲ, ಜನ ಬದುಕಿಲ್ವಾ ಅಂದೆ. ಮಾರಿಷಸ್ಸಲ್ಲಿ 1864ರಲ್ಲೇ ರೈಲಿತ್ತು, ಕಬ್ಬು ಸಾಗಿಸ್ತಿತ್ತು ಅಂದ್ರು ಅವರು. ಇತ್ತು, 1964ಕ್ಕೆ ಮುಚ್ಚಿಹಾಕಿದ್ರು ಅಂದೆ. ಈಗ ಮತ್ತೆ ಮೆಟ್ರೋ ಓಡಿಸ್ತಿದಾರಲ್ಲ ಅಂದ್ರು. ಅದು ಊರೂರಿನ ನಡುವೆ, ಬೆಟ್ಟದ ಒಳಗಲ್ಲ. ಮಲ್ಪೆಯವನು ಮೀನು ಸಾಗಿಸೋ ವ್ಯಾಗನ್ ಕೊಟ್ರೆ ಸುರಂಗಕ್ಕೆ ವೋಟು ಅಂತ ಅವರ ಜೊತೆ ಒಳಒಪ್ಪಂದ ಮಾಡ್ಕೊಂಡಿದಾನೆ ಅಂತ ಸುದ್ದಿ, ಕೇಳಿದ್ರೆ ನಗ್ತಾನೆ. ವೋಟಿಂಗ್ ಭಾನುವಾರ ರಾತ್ರಿ, ಬ್ರೆಜಿಲ್‌ನವರಿಗೆ ಮಧ್ಯಾಹ್ನ. ನಮಗೆ ಇನ್ನೂ ಎರಡು ವೋಟು ಕಮ್ಮಿ ಬೀಳ್ತಿದೆ, ಜಡ್ಜಮ್ಮ ರಾಜೀನಾಮೆ ಕೊಟ್ಟು ಸದನಕ್ಕೆ ಬರೋಕೆ ಒಪ್ಪಿದ್ರೆ ಒಂದೇ.